ಕಲ್ಲುಬೆಟ್ಟಕ್ಕೆ ಇಬ್ಬರು ಸಾಕು

ಡಿಸೆಂಬರ್ ಬಂತೆಂದರೆ ಶನಿವಾರ ರಾತ್ರಿ ಬೆಂಗಳೂರಿನಿಂದ ಟೆಂಪೊ ಟ್ರಾವೆಲರ್‌ಗಳು ಸಾಲುಗಟ್ಟಿ ಹೊರಡುತ್ತವೆ. ಕತ್ತಲಲ್ಲೇ ಬೆಟ್ಟದ ಬುಡ ಸೇರಿ, ಹಣೆಗೆ ಟಾರ್ಚ್ ಕಟ್ಟಿಕೊಂಡು ಸಾಲಾಗಿ ಹತ್ತಿ, ಮಂಜಿನ ಮೇಲೆ ಸೂರ್ಯ ಮೂಡುವುದನ್ನು ನೋಡಿ, ಒಂಬತ್ತು ಗಂಟೆಯೊಳಗೆ ಇಳಿದುಬಿಡುವುದು ಈ ಪ್ರವಾಸಗಳ ರೂಢಿ. ಹೀಗೆ ಹೋಗುವವರಿಗೆ ಬೆಟ್ಟದ ಮೇಲೆ ಪ್ರೀತಿ ಇಲ್ಲ ಎನ್ನಲಾಗದು. ವಾರವಿಡೀ ದುಡಿದು, ನಿದ್ದೆಗೆಟ್ಟು, ಚಳಿಯಲ್ಲಿ ನಡುಗುತ್ತ ಬಂಡೆ ಹತ್ತುವವರನ್ನು ಎಳೆದು ತರುವುದು ಆ ಪ್ರೀತಿಯೇ. ಆದರೆ ಅವರು ಹತ್ತುವ ರೀತಿ ಆ ಬೆಟ್ಟಗಳಿಗೆ ಒಗ್ಗುವಂಥದ್ದಲ್ಲ. ಬಯಲುಸೀಮೆಯ ಕಲ್ಲುಬೆಟ್ಟಗಳನ್ನು ಮಾಗಿಯಲ್ಲೇ ಹತ್ತಬೇಕು, ಬೆಳಕು ಹರಿದ ಮೇಲೆ ಹತ್ತಬೇಕು, ಆದಷ್ಟೂ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಮಾತ್ರ ಜತೆಗೆ ಕರೆದುಕೊಂಡು ಹತ್ತಬೇಕು ಎಂಬುದು ನನ್ನ ವಾದ. ಇದು ಏಕಾಂತ ಬಯಸುವವರ ರುಚಿಯ ಮಾತಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಇದಕ್ಕೆ ಕಾರಣಗಳು ಆ ಕಲ್ಲಿನಲ್ಲೇ ಇವೆ. ಅದು ಹುಟ್ಟಿದ ಬಗೆ, ಸವೆಯುವ ಬಗೆ, ತನ್ನ ಮೈಮೇಲೆ ಜೀವಗಳನ್ನು ಸಾಕುವ ಬಗೆ ಮೂರೂ ಇದೇ ಕಡೆಗೆ ಕೈತೋರುತ್ತವೆ.

ಮೈಸೂರು ರಸ್ತೆಯಲ್ಲಿ ರಾಮನಗರ ಹತ್ತಿರವಾಗುತ್ತಿದ್ದಂತೆ ನೆಲದಿಂದ ಒಮ್ಮೆಲೇ ಎದ್ದು ನಿಲ್ಲುವ ಬೆಟ್ಟಗಳನ್ನು ಕಾಣದವರು ಕಡಿಮೆ. ಮೈಸೂರು ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದಾಗಿ ಆ ಊರಿಗೆ ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಎಂದು ಹೆಸರಾಗಿತ್ತು. ಊರು ಆ ಹೆಸರನ್ನು ಬಿಟ್ಟು ಬಹಳ ಕಾಲವಾದರೂ ಭೂವಿಜ್ಞಾನಿಗಳು ಬಿಟ್ಟಿಲ್ಲ. ದಕ್ಷಿಣದ ಕಬ್ಬಾಳದುರ್ಗದ ಸುತ್ತಿನಿಂದ ಉತ್ತರದ ಹಂಪಿಯವರೆಗೆ ಸುಮಾರು 400 ಕಿಲೊಮೀಟರ್ ಉದ್ದಕ್ಕೆ, ಇಪ್ಪತ್ತು ಕಿಲೊಮೀಟರಿನ ಆಸುಪಾಸಿನ ಅಗಲದಲ್ಲಿ ಹಬ್ಬಿರುವ ಈ ಶಿಲಾಪಟ್ಟಿ ಇಂದಿಗೂ ಜಗತ್ತಿಗೆ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಪರಿಚಿತ. ಕನ್ನಡದಲ್ಲಿ ವಿಜ್ಞಾನ ಬರೆದವರಲ್ಲಿ ಹಿರಿಯರಾದ ಬಿ.ಪಿ. ರಾಧಾಕೃಷ್ಣ ಅವರು ಇದರ ಮೇಲೆ ಬರೆದ ಪ್ರೌಢ ಗ್ರಂಥ 1956ರಲ್ಲಿ ಹೊರಬಂತು. ಲಾಲ್‌ಬಾಗಿನ ಬಂಡೆಯಲ್ಲಿ ನಾವು ಕಾಣುವ, 300 ಕೋಟಿ ವರ್ಷದಷ್ಟು ಹಳೆಯ ನೈಸ್ ಶಿಲೆಯ ನೆಲವನ್ನು ಸೀಳಿಕೊಂಡು ಸುಮಾರು 250 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲೆ ಮೇಲೇರಿತು, ಆಳದಲ್ಲೇ ನಿಧಾನವಾಗಿ ಹೆಪ್ಪುಗಟ್ಟಿತು. ಹಾಗೆ ನಿಧಾನವಾಗಿ ತಣಿದದ್ದರಿಂದಲೇ ಅದರೊಳಗಿನ ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೆಳೆದವು. ಇಡೀ ಪಟ್ಟಿ ಒಂದಿಷ್ಟು ಓರೆಯಾಗಿ ಮೇಲೆದ್ದು ಸವೆದಿರುವುದರಿಂದ ದಕ್ಷಿಣದ ತುದಿಯಲ್ಲಿ ಭೂಮಿಯ ಹೆಚ್ಚು ಆಳದ ಪದರ ಹೊರಬಿದ್ದಿದೆ, ಉತ್ತರಕ್ಕೆ ಹೋದಂತೆ ಮೇಲಿನ ಪದರಗಳು ಸಿಗುತ್ತವೆ. ಕಬ್ಬಾಳದುರ್ಗದಿಂದ ಹಂಪಿಯವರೆಗೆ ನಡೆದವರು ಭೂಮಿಯ ಆಳದಿಂದ ಮೇಲ್ಮೈ ಕಡೆಗೆ ನಡೆದಂತೆಯೇ. ನೆಲದ ಒಳಗನ್ನು ಅಗೆಯದೆ ಹೀಗೆ ಕಾಲ್ನಡಿಗೆಯಲ್ಲಿ ನೋಡುವ ಅವಕಾಶ ಜಗತ್ತಿನಲ್ಲಿ ಅಪರೂಪ. ಅದನ್ನು ಕತ್ತಲಲ್ಲಿ ದಾಟಿಹೋಗುವುದು ದೊಡ್ಡ ನಷ್ಟವೆಂದೇ ನನಗೆ ಅನಿಸುತ್ತದೆ.

ಈ ಕಲ್ಲು ಸತ್ತು ಬಿದ್ದಿರುವ ವಸ್ತು ಎಂಬ ಭಾವನೆಯೂ ಸರಿಯಲ್ಲ. ಮೇಲಿದ್ದ ಹೊರೆ ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋದಾಗ ಅದುಮಿಟ್ಟಿದ್ದ ಶಿಲೆ ಹಿಗ್ಗುತ್ತದೆ, ಮೈಗುಂಟ ಬಿರುಕು ಬಿಡುತ್ತದೆ, ಈರುಳ್ಳಿಯ ಹಾಗೆ ಪದರ ಪದರವಾಗಿ ಸಡಿಲಗೊಳ್ಳುತ್ತದೆ. ಸಾವನದುರ್ಗದ, ಮಧುಗಿರಿಯ ಬೋಳು ಇಳಿಜಾರುಗಳು ಹೀಗೆ ಕಳಚಿಕೊಂಡ ಪದರಗಳಿಂದಲೇ ಉರುಟಾದವು. ಹಂಪಿಯ ಕಡೆ ಬಿರುಕುಗಳು ಅಡ್ಡ ಉದ್ದ ಎರಡೂ ಬಂದವು. ನೀರು ನೆಲದಡಿಯಲ್ಲೇ ಅವುಗಳಿಗಿಳಿದು ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸಿ ಮೂಲೆಗಳನ್ನು ಸವೆಸಿತು. ಮಣ್ಣು ತೊಳೆದುಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ಉಳಿದವು. ಈ ಕೆಲಸ ಇನ್ನೂ ನಿಂತಿಲ್ಲ. ಅಮೆರಿಕದ ಯೊಸೆಮಿಟಿ ಕಣಿವೆಯ ಗ್ರಾನೈಟ್ ಗೋಡೆಯಲ್ಲಿ ಸಡಿಲವಾದ ಒಂದು ಪದರಕ್ಕೆ ಅಳತೆಯ ಸಲಕರಣೆ ಕೂರಿಸಿ ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಹಗಲಿನ ಬಿಸಿಗೆ ಹೊರಕ್ಕೆ ಬಾಗಿ ರಾತ್ರಿಯ ತಂಪಿಗೆ ಹಿಂದಿರುಗುತ್ತಿದ್ದ ಆ ಪದರದ ಚಲನೆ ದಿನಕ್ಕೆ ಒಂದು ಸೆಂಟಿಮೀಟರಿನವರೆಗೂ ಇತ್ತು. ನಮ್ಮ ಬೆಟ್ಟಗಳ ಮೇಲೂ ಕಾಲಿಟ್ಟರೆ ಟೊಳ್ಳು ಸದ್ದು ಕೊಡುವ ಚಕ್ಕೆಗಳಿವೆ. ಒಬ್ಬರು ಕಾಲಿಟ್ಟಾಗ ಸದ್ದು ಕೇಳಿ ಇನ್ನೊಬ್ಬರು ಪಕ್ಕಕ್ಕೆ ಸರಿಯಬಹುದು. ನಲವತ್ತು ಜನ ಒಂದೇ ಗೆರೆಯಲ್ಲಿ ತುಳಿಯುತ್ತ ಹೋದರೆ ಆ ಸದ್ದು ಯಾರ ಕಿವಿಗೂ ಬೀಳುವುದಿಲ್ಲ, ಭಾರ ಮಾತ್ರ ಬೀಳುತ್ತಲೇ ಇರುತ್ತದೆ.

ಮಾಗಿಯೇ ಏಕೆ ಎಂಬುದಕ್ಕೆ ಉತ್ತರ ಮುಖ್ಯವಾಗಿ ಹಿಡಿತದ್ದು. ಬೋಳು ಬಂಡೆಯಲ್ಲಿ ಹಿಡಿಯಲು ಗಿಡವಿಲ್ಲ, ಕಾಲೂರಲು ಮೆಟ್ಟಿಲಿಲ್ಲ. ಪಾದಕ್ಕೂ ಕಲ್ಲಿಗೂ ನಡುವಿನ ತಿಕ್ಕಾಟವೊಂದೇ ಆಧಾರ. ಒಣಗಿದ ಗ್ರಾನೈಟ್ ಒರಟು ಹರಳುಗಳಿಂದ ಪಾದವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅದೇ ಕಲ್ಲು ಪಾಚಿಗಟ್ಟಿ ನೆನೆದಾಗ ಜಾರುಬಂಡೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಅಂಗೈ ಊರಲಾಗದಷ್ಟು ಕಾಯುತ್ತದೆ. ಮಳೆ ಹಿಂದೆ ಸರಿದ ಡಿಸೆಂಬರ್ ನಡುವಿನಿಂದ ಫೆಬ್ರುವರಿಯ ಮೊದಲ ವಾರಗಳವರೆಗೆ ಮಾತ್ರ ಬಂಡೆ ಒಣಗಿಯೂ ತಂಪಾಗಿಯೂ ಇರುತ್ತದೆ. ಆದರೆ ಈ ಲಾಭ ಬೆಳಗಿನ ಜಾವಕ್ಕಿಲ್ಲ ಎಂಬುದನ್ನು ಗಮನಿಸಬೇಕು. ಮಾಗಿಯ ಮುಂಜಾವು ಇಬ್ಬನಿಯ ಹೊತ್ತು, ಕಲ್ಲಿನ ಮೇಲಿನ ಪಾಚಿ ನೀರು ಕುಡಿದು ಉಬ್ಬಿರುವ ಹೊತ್ತು. ಸೂರ್ಯೋದಯಕ್ಕೆಂದು ಓಡುವವರು ಇಡೀ ದಿನದಲ್ಲಿ ಬಂಡೆ ಅತ್ಯಂತ ಜಾರುವ ಗಳಿಗೆಯನ್ನೇ ಆರಿಸಿಕೊಂಡಿರುತ್ತಾರೆ. ಹಿಮಾಲಯದಲ್ಲಿ ಮಧ್ಯಾಹ್ನಕ್ಕೆ ಹಿಮ ಮೆತ್ತಗಾಗುತ್ತದೆ, ಚಳಿಗಾಲದಲ್ಲಿ ಹಗಲೂ ಚಿಕ್ಕದು, ಆದ್ದರಿಂದ ಅಲ್ಲಿ ನಸುಕಿನಲ್ಲೇ ಹೊರಡುವ ಪದ್ಧತಿ ಹುಟ್ಟಿತು. ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಹನ್ನೊಂದು ಗಂಟೆಗೂ ಮೀರಿದ ಬೆಳಕಿದೆ. ಎಂಟೂವರೆಗೆ ಇಬ್ಬನಿ ಆರಿದ ಮೇಲೆ ಹೊರಟರೂ ಸಾವನದುರ್ಗದಂಥ ಬೆಟ್ಟವನ್ನು ನಿಧಾನವಾಗಿ ಹತ್ತಿ, ಕೂತು, ನೋಡಿ, ಬಿಸಿಲು ಇಳಿಯುವ ಮೊದಲೇ ಬುಡಕ್ಕೆ ಬರಬಹುದು. ಇನ್ನೊಂದು ಲಾಭವಿದೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಓರೆ ಬಿಸಿಲಿನಲ್ಲಿ ಬಂಡೆಯ ಪ್ರತಿ ಪದರದ ಅಂಚು, ನೀರು ಹರಿದ ಕಪ್ಪು ಪಟ್ಟೆ, ಹಳೆಯ ಕಲ್ಲುಕುಟಿಗರು ಬೆಣೆ ಬಡಿಯಲು ಕೊರೆದ ಸಾಲುಗುಳಿಗಳು ನೆರಳು ಬೀಳಿಸಿ ತಾವೇ ಕಾಣಿಸಿಕೊಳ್ಳುತ್ತವೆ. ಮೇ ತಿಂಗಳ ನೆತ್ತಿಯ ಬಿಸಿಲಿನಲ್ಲಿ ಇವೆಲ್ಲ ಚಪ್ಪಟೆಯಾಗಿಬಿಡುತ್ತವೆ.

ಈ ಬೆಟ್ಟಗಳು ಮಾಗಿಯವು ಎಂಬುದು ಯುದ್ಧ ಮಾಡಿದವರಿಗೂ ತಿಳಿದಿತ್ತು. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಬಾಗಿಲಿನವರೆಗೆ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮಳೆಗೂ ಹಸಿವಿಗೂ ಸೋತು ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಟಿಪ್ಪುವಿನ ಭದ್ರನೆಲೆಯಾಗಿದ್ದ ಸಾವನದುರ್ಗ ಅದೇ ಸೈನ್ಯದ ಕೈಗೆ ಬಿದ್ದದ್ದು ಮಳೆ ಸರಿದ ಮೇಲೆ, ಆ ವರ್ಷದ ಡಿಸೆಂಬರ್ 21ರಂದು.

ಇನ್ನು ಬಂಡೆಯ ಮೇಲಿನ ಬದುಕು. ನನ್ನ ವಾದದ ನಡುಗಂಬ ಇದು. ದೂರದಿಂದ ಬೋಳೆನಿಸುವ ಕಲ್ಲಿನ ಮೇಲೆ ಮೊದಲು ಬರುವುದು ಕಲ್ಲುಹೂವು. ನಮ್ಮ ಮಸಾಲೆ ಡಬ್ಬಿಯಲ್ಲಿರುವುದರ ಬಳಗದ್ದೇ ಆದ ಈ ಜೀವಿ ವರ್ಷಕ್ಕೆ ಬೆಳೆಯುವುದು ಮಿಲಿಮೀಟರ್‌ಗಳ ಲೆಕ್ಕದಲ್ಲಿ. ಅಂಗೈಯಗಲದ ಒಂದು ತೇಪೆಗೆ ದಶಕಗಳ ವಯಸ್ಸಿರಬಹುದು. ಸಣ್ಣ ತಗ್ಗುಗಳಲ್ಲಿ ಬೆರಳುದ್ದದ ಮಣ್ಣು ಸೇರಿ, ಅದರಲ್ಲಿ ಬೇಸಿಗೆಯಿಡೀ ಸುರುಟಿಕೊಂಡು ಸತ್ತಂತಿದ್ದು ನೀರು ಬಿದ್ದ ಕೂಡಲೇ ಹಸಿರಾಗುವ ಸಸ್ಯಗಳು ಬೇರೂರುತ್ತವೆ. ನೀರು ಜಿನುಗುವ ಅಂಚಿನಲ್ಲಿ ಮಳೆಗಾಲ ಮುಗಿದ ಮೇಲೆ, ಅಂಟುಹನಿಗಳಿಂದ ಹುಳ ಹಿಡಿಯುವ ಡ್ರಾಸೆರಾ ಗಿಡಗಳು ಕೆಂಪಗೆ ಹರಡಿರುತ್ತವೆ. ಕಲ್ಲುದೊಣೆಗಳಲ್ಲಿ ಮಳೆನೀರು ನಿಂತಷ್ಟು ಕಾಲ ಬದುಕಿ, ಒಣಗುವ ಮೊದಲು ಮೊಟ್ಟೆಯಿಟ್ಟು, ಆ ಮೊಟ್ಟೆಗಳು ಕೆಸರಿನಲ್ಲಿ ಒಣಗಿಯೇ ಮುಂದಿನ ಮಳೆಗೆ ಕಾಯುವಂಥ ಪುಟ್ಟ ಸಿಗಡಿಗಳಿವೆ. ಕಾಡಿನ ಮಣ್ಣು ನೂರು ಹೆಜ್ಜೆಗಳನ್ನು ತಾಳಿಕೊಂಡು ಒಂದೇ ಮಳೆಗಾಲದಲ್ಲಿ ಚೇತರಿಸಿಕೊಳ್ಳಬಹುದು. ಬಂಡೆಯ ಮೇಲಿನ ಬೆರಳುದ್ದದ ಮಣ್ಣು ಒಮ್ಮೆ ಕಿತ್ತುಹೋದರೆ ಮತ್ತೆ ಸೇರಲು ಒಂದು ಮನುಷ್ಯಾಯುಷ್ಯ ಸಾಲದು. ಇಬ್ಬರು ನಡೆಯುವಾಗ ಬರಿಗಲ್ಲನ್ನೇ ಆರಿಸಿಕೊಂಡು ಹೆಜ್ಜೆಯಿಡಬಹುದು. ಗುಂಪು ದೊಡ್ಡದಾದಂತೆ ಎದುರು ಬರುವವರಿಗೆ ಜಾಗ ಬಿಡಲು, ಫೋಟೊಗೆ ನಿಲ್ಲಲು, ಸುಸ್ತಾದವರು ಕೂರಲು ದಾರಿ ಎರಡೂ ಕಡೆ ಅಗಲವಾಗುತ್ತದೆ. ಆ ಅಗಲದ ಬೆಲೆ ತೆರುವುದು ಈ ತೇಪೆಗಳು.

ಇಲ್ಲಿ ನನ್ನ ವಾದಕ್ಕೇ ತಿರುಗುಬಾಣವಾಗುವ ಒಂದು ಸಂಗತಿಯಿದೆ, ಅದನ್ನು ಮುಚ್ಚಿಡಬಾರದು. ಮಾಗಿ ನಮಗೆ ನಡೆಯಲು ಹೇಗೆ ಹಿತವೋ ಈ ಬೆಟ್ಟಗಳ ಅತಿ ಸೂಕ್ಷ್ಮ ಜೀವಿಗಳಿಗೆ ಮರಿ ಮಾಡಲು ಹಾಗೆಯೇ ಹಿತ. ಉದ್ದ ಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಚಾಚುಗಳಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳಲ್ಲಿ ಗೂಡು ಮಾಡುತ್ತದೆ, ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿಯ ಅಂಶ ಸತ್ತ ದನದ ಮಾಂಸದಿಂದ ಹೊಟ್ಟೆ ಸೇರಿ, 1990ರ ದಶಕದಿಂದ ಈ ಹಕ್ಕಿಗಳಲ್ಲಿ ದೇಶದಾದ್ಯಂತ ಶೇ 95ಕ್ಕೂ ಹೆಚ್ಚು ನಾಶವಾದವು. ಪಶುಚಿಕಿತ್ಸೆಯಲ್ಲಿ ಆ ಔಷಧಿಯನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. ಉಳಿದ ಕೆಲವೇ ಹಕ್ಕಿಗಳಿಗಾಗಿ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಗೂಡಿನಿಂದ ತಾಯಿಹಕ್ಕಿ ಬೆದರಿ ಎದ್ದರೆ ಆ ಒಂದು ಮೊಟ್ಟೆ ಬಿಸಿಲಿಗೂ ಕಾಗೆಗೂ ಬಿಟ್ಟಂತೆ. ಇತ್ತ ಕರಡಿಗಳೂ ಸರಿಸುಮಾರು ಇದೇ ಕಾಲದಲ್ಲಿ ಗುಂಡುಗಳ ನಡುವಿನ ಗವಿಗಳಲ್ಲಿ ಮರಿ ಹಾಕುತ್ತವೆ. ಹಂಪಿಯ ಪಕ್ಕದ ದರೋಜಿ ಕರಡಿಧಾಮ ಇಂಥ ಕಲ್ಲುಗುಡ್ಡಗಳ ನೆಲೆಯಲ್ಲೇ ನಿಂತಿದೆ. ಹಾಗಿದ್ದರೆ ಮಾಗಿಯಲ್ಲಿ ಹೋಗದಿರುವುದೇ ವಾಸಿಯಲ್ಲವೇ ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಗೂಡುಗಳಿರುವ ಬಂಡೆಮುಖಗಳ ಮಟ್ಟಿಗೆ ನನ್ನ ಉತ್ತರ, ಹೌದು, ಹೋಗಬಾರದು. ಉಳಿದ ಕಡೆ ಹೋಗಬೇಕಾದದ್ದು ಹಗಲು, ತೆರೆದ ಬಂಡೆಯ ಮೇಲೆ, ಸದ್ದು ಕಡಿಮೆ ಮಾಡಿಕೊಂಡು. ಕರಡಿ, ಚಿರತೆ ಎರಡೂ ಹೆಚ್ಚಾಗಿ ಓಡಾಡುವುದು ಮುಸ್ಸಂಜೆಯಿಂದ ಮುಂಜಾನೆಯವರೆಗೆ. ನಸುಕಿನ ಮೂರಕ್ಕೋ ನಾಲ್ಕಕ್ಕೋ ಪೊದೆ, ಗವಿಗಳ ಪಕ್ಕದಲ್ಲಿ ಹಾದುಹೋಗುವ ಸಾಲು ಅವುಗಳ ಹೊತ್ತಿನಲ್ಲಿ ಅವುಗಳ ಮನೆಬಾಗಿಲಿಗೇ ಹೋದಂತೆ.

ಹೆಜ್ಜೇನಿನದೂ ಇದೇ ಕತೆ. ಹೂವಿನ ಕಾಲಕ್ಕೆ ಬಂದು ಬಂಡೆಯ ಮುಂಚಾಚಿನ ಅಡಿಯಲ್ಲಿ ತೆರೆದ ಹಲ್ಲೆ ಕಟ್ಟುವ ಈ ಜೇನು ಹೊಗೆ, ಸುಗಂಧದ ವಾಸನೆ, ಕಲ್ಲೆಸೆತಕ್ಕೆ ಕೆರಳುತ್ತದೆ, ರಾತ್ರಿ ಬೆಳಕಿನ ಕಡೆಗೆ ಹಾರುವ ಸ್ವಭಾವವೂ ಅದಕ್ಕಿದೆ. ಹಣೆಯ ಟಾರ್ಚುಗಳ ಸಾಲು ಅಂಥ ಬಂಡೆಯ ಬುಡದಲ್ಲಿ ಸಾಗುವುದನ್ನು ನೆನೆದರೇ ಆತಂಕವಾಗುತ್ತದೆ. ಸದ್ದಿನ ಮಾತು ಬೇರೆ ಹೇಳಬೇಕಿಲ್ಲ. ಮರಗಳಿಲ್ಲದ ಬೋಳು ಬಂಡೆ ಸದ್ದನ್ನು ಹೀರುವುದಿಲ್ಲ, ಎದುರಿನ ಗುಡ್ಡಕ್ಕೆ ಎಸೆಯುತ್ತದೆ. ಒಬ್ಬರ ಬ್ಲೂಟೂತ್ ಸ್ಪೀಕರ್ ಇಡೀ ಕಣಿವೆಯ ಸ್ಪೀಕರ್ ಆಗುತ್ತದೆ.

ಸರಿ, ಸದ್ದಿಲ್ಲದೆ ನಡೆಯಬೇಕೆಂದರೆ ಒಬ್ಬರೇ ಹೋಗಬಹುದಲ್ಲ, ಇಬ್ಬರೇಕೆ? ಒಬ್ಬಂಟಿಗೆ ಬಂಡೆ ಒಳ್ಳೆಯ ಜಾಗವಲ್ಲ. ಹತ್ತುವುದಕ್ಕಿಂತ ಇಳಿಯುವುದು ಕಷ್ಟವಾದ ನೆಲವಿದು. ಮೇಲಕ್ಕೆ ನೋಡುವಾಗ ಸಲೀಸಾಗಿ ಕಂಡ ಇಳಿಜಾರು ಕೆಳಕ್ಕೆ ನೋಡುವಾಗ ಅಂಚೇ ಕಾಣದೆ ದುಂಡಗೆ ಜಾರಿಹೋಗಿರುತ್ತದೆ. ಅಲ್ಲಿ ಒಬ್ಬರು ನಿಂತು ಇನ್ನೊಬ್ಬರಿಗೆ ಕಾಲಿಡುವ ಜಾಗ ಹೇಳಬೇಕು. ಇಲ್ಲಿಂದ ಇಳಿಯೋಣವೇ, ವಾಪಸ್ ಹೋಗೋಣವೇ ಎಂಬ ಪ್ರಶ್ನೆಗೆ ಎರಡನೆಯ ಅಭಿಪ್ರಾಯ ಬೇಕು, ಮತ್ತು ಆ ಅಭಿಪ್ರಾಯ ಮುಲಾಜಿಲ್ಲದೆ ಹೊರಬರಬೇಕು. ಗೆಳೆತನ ಬೆಟ್ಟದಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲೇ. ‘ನನಗೆ ಭಯವಾಗ್ತಿದೆ, ಇಲ್ಲಿಗೇ ಸಾಕು ಕಣೋ’ ಎಂದು ಗೆಳೆಯನ ಮುಂದೆ ಹೇಳುವುದು ಸುಲಭ. ದುಡ್ಡು ಕೊಟ್ಟು ಸೇರಿದ ಮೂವತ್ತು ಅಪರಿಚಿತರ ಮುಂದೆ ಹೇಳುವುದು ಬಹಳ ಕಷ್ಟ. ಆ ಮಾತು ನುಂಗಿಕೊಂಡೇ ಎಷ್ಟೋ ಜನ ತಮ್ಮ ಶಕ್ತಿ ಮೀರಿದ ಜಾಗದವರೆಗೆ ಹೋಗಿಬಿಡುತ್ತಾರೆ. ನೋಡುವ ವಿಷಯದಲ್ಲೂ ಹೀಗೆಯೇ. ಒಬ್ಬರ ಕಣ್ಣು ಕಾಲಬುಡದ ಮೇಲಿದ್ದಾಗ ಇನ್ನೊಬ್ಬರದು ಆಕಾಶದ ಮೇಲಿರಬಹುದು. ಈ ಕಲ್ಲುಗುಡ್ಡಗಳ ಕುರುಚಲು ಕಾಡಿನಲ್ಲಷ್ಟೇ ಬದುಕುವ, ದಕ್ಷಿಣ ಭಾರತದ ಹೊರಗೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರ ಬಹಳ ನಾಚಿಕೆಯ ಹಕ್ಕಿ. ಅದರ ಸದ್ದು ಕೇಳಿಸಬೇಕಾದರೆ ಮಾತು ನಿಲ್ಲಿಸಬೇಕು. ಇಬ್ಬರು ಒಂದು ಕೈಸನ್ನೆಗೆ ಸುಮ್ಮನಾಗಬಲ್ಲರು.

ಚಾರಣದಲ್ಲಿ ಪಳಗಿದವರು ಇದಕ್ಕೆ ತಕ್ಷಣ ಎತ್ತುವ ಆಕ್ಷೇಪ ಸುರಕ್ಷತೆಯದು. ಒಬ್ಬರ ಕಾಲು ಉಳುಕಿದರೆ ಒಬ್ಬರು ಜತೆಗಿರಬೇಕು, ಇನ್ನಿಬ್ಬರು ನೆರವು ತರಬೇಕು, ಆದ್ದರಿಂದ ಕನಿಷ್ಠ ನಾಲ್ವರು ಎಂಬುದು ಹಳೆಯ ನಿಯಮ. ನಿರ್ಜನ ಪರ್ವತಗಳಲ್ಲಿ ಅದು ಸರಿಯಾದ ನಿಯಮವೇ. ಆದರೆ ಬಯಲುಸೀಮೆಯ ಬೆಟ್ಟ ನಿರ್ಜನವಲ್ಲ. ಬುಡದಲ್ಲೇ ಊರಿದೆ, ಸುತ್ತ ರಾಗಿ ಹೊಲವಿದೆ, ಮಾಗಿಯಲ್ಲಿ ಆ ಹೊಲಗಳಲ್ಲಿ ಕೊಯ್ಲು, ಒಕ್ಕಣೆಗೆ ಜನರಿರುತ್ತಾರೆ, ಇಳಿಜಾರಿನಲ್ಲಿ ಕುರಿ ಮೇಯಿಸುವವರಿರುತ್ತಾರೆ. ಹಗಲು ಹೋಗಿ, ಹೋಗುವ ದಾರಿಯನ್ನು ಬುಡದ ಅಂಗಡಿಯಲ್ಲೋ ಚೌಕಿಯಲ್ಲೋ ಹೇಳಿ, ತಿರುಗಿ ಬರುವ ಹೊತ್ತನ್ನೂ ತಿಳಿಸಿದ ಇಬ್ಬರಿಗೆ ಇರುವ ರಕ್ಷಣೆ, ನಡುರಾತ್ರಿ ಬಂದು ಯಾರಿಗೂ ಮುಖ ತೋರದೆ ಹತ್ತಿಹೋದ ನಲವತ್ತು ಜನರಿಗಿಲ್ಲ. ಬನ್ನೇರುಘಟ್ಟದ ಕಡೆಯಿಂದ ಆನೆಗಳು ಬಂದುಹೋಗುವ ಸಾವನದುರ್ಗದ ಕಾಡಂಚಿನಂಥ ಜಾಗಗಳಲ್ಲಿ ಮಾತ್ರ ಇಬ್ಬರ ಜತೆಗೆ ಊರಿನ ಮಾರ್ಗದರ್ಶಿಯೊಬ್ಬರು ಇರಲೇಬೇಕು. ಆ ಮೂರನೆಯವರನ್ನು ನಾನು ನಿಯಮಕ್ಕೆ ಹೊರಗಿನವರೆಂದು ಎಣಿಸುವುದಿಲ್ಲ. ಬೆಟ್ಟದ ಬಗ್ಗೆ ಅವರಷ್ಟು ತಿಳಿದವರು ಇನ್ನಾರೂ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಣ್ಣುಮಕ್ಕಳದು. ಇಬ್ಬರು ಯುವತಿಯರು ಒಂಟಿ ಬೆಟ್ಟಕ್ಕೆ ನೆಮ್ಮದಿಯಿಂದ ಹೋಗಿಬರುವ ಸ್ಥಿತಿ ನಮ್ಮಲ್ಲಿಲ್ಲ. ಗುಂಪು ಚಾರಣಗಳಿಂದಾಗಿಯೇ ಎಷ್ಟೋ ಹೆಣ್ಣುಮಕ್ಕಳು ಮೊದಲ ಬಾರಿ ಬೆಟ್ಟ ಕಂಡಿದ್ದಾರೆ. ಕಾರಿಲ್ಲದವರಿಗೆ, ರಜೆ ಭಾನುವಾರವಷ್ಟೇ ಇರುವವರಿಗೆ ಹಂಚಿಕೊಂಡ ವ್ಯಾನ್ ಒಂದೇ ದಾರಿ. ಇವರಿಗೆ ಇಬ್ಬರ ನಿಯಮ ಹೇಳುವುದು ಬಾಗಿಲು ಮುಚ್ಚಿದಂತೆ ಎಂದರೆ ಒಪ್ಪುತ್ತೇನೆ. ಹಾಗಾಗಿ ಬುಡದವರೆಗಿನ ಪ್ರಯಾಣಕ್ಕೂ ಬಂಡೆಯ ಮೇಲಿನ ನಡಿಗೆಗೂ ವ್ಯತ್ಯಾಸ ಮಾಡಿಕೊಳ್ಳಬೇಕು. ಹನ್ನೆರಡು ಜನ ಒಂದೇ ವ್ಯಾನಿನಲ್ಲಿ ಬರಲಿ, ಒಟ್ಟಿಗೆ ಊಟ ಮಾಡಲಿ. ಕಲ್ಲಿನ ಮೇಲೆ ಮಾತ್ರ ಆರು ಜೋಡಿಗಳಾಗಿ, ಒಂದಕ್ಕೊಂದು ಕಾಣುವಷ್ಟು ಅಂತರದಲ್ಲಿ ಬಿಡಿಬಿಡಿಯಾಗಿ ನಡೆಯಲಿ. ಮುಂದೊಬ್ಬ, ಹಿಂದೊಬ್ಬ ಮಾರ್ಗದರ್ಶಿ ಇದ್ದರೆ ಗುಂಪಿನ ಅಭಯವೂ ಉಳಿಯುತ್ತದೆ, ಬಂಡೆಯ ಮೇಲಿನ ಒತ್ತಡವೂ ಇಳಿಯುತ್ತದೆ. ನಮ್ಮ ಬೆಟ್ಟಗಳಿಗೆ ಸಾವಿರಾರು ಜನರ ಜಾತ್ರೆಗಳು ಹಿಂದಿನಿಂದ ನಡೆದಿವೆಯಲ್ಲ ಎನ್ನುವವರೂ ಇದ್ದಾರೆ. ನಡೆದಿವೆ. ಜಾತ್ರೆಗೆ ಬಂದವರು ವರ್ಷಕ್ಕೆ ಒಂದೆರಡು ದಿನ, ಕಡಿದ ಮೆಟ್ಟಿಲುಗಳ ಮೇಲೆ, ದೇವಸ್ಥಾನದವರೆಗೆ ಹೋಗಿ ಬರುತ್ತಾರೆ. ಆಮೇಲೆ ಬೆಟ್ಟಕ್ಕೆ ಇಡೀ ವರ್ಷ ಬಿಡುವು. ವಾರವಾರವೂ ಬರುವ ಸಾಲು ಆ ಬಿಡುವನ್ನೇ ತೆಗೆದುಬಿಟ್ಟಿದೆ.

ಕೊನೆಯ ಆಕ್ಷೇಪ ಕ್ವಾರಿಯದು. ಇದನ್ನು ಎತ್ತುವವರು ಬೆಟ್ಟಗಳ ನಿಜವಾದ ಹಿತೈಷಿಗಳು. ಈ ಕಲ್ಲಿಗೆ ಮಾರುಕಟ್ಟೆಯಿದೆ. ವಿಧಾನಸೌಧ ಎದ್ದು ನಿಂತದ್ದು ಬೆಂಗಳೂರಿನ ಸುತ್ತಲಿನ ಗ್ರಾನೈಟಿನಿಂದಲೇ, ಮಾಗಡಿಯ ನಸುಗೆಂಪು ಕಲ್ಲೂ ಅಲ್ಲಿದೆ. ಜನ ಓಡಾಡದ ಗುಡ್ಡಕ್ಕೆ ಸಿಡಿಮದ್ದು ಬೇಗ ಬರುತ್ತದೆ, ಗುಂಪು ಬಂದರೆ ಕಾವಲಿದ್ದಂತೆ ಎಂಬುದು ಅವರ ಲೆಕ್ಕ. ಆದರೆ ಒಂದು ಬೆಟ್ಟವನ್ನು ಕಾಯಲು ಅದರಲ್ಲಿ ಏನಿದೆ ಎಂದು ಹೇಳಬಲ್ಲವರು ಬೇಕು. ಯಾವ ಚಾಚಿನಲ್ಲಿ ಗೂಡಿದೆ, ಯಾವ ದೊಣೆಯಲ್ಲಿ ಬೇಸಿಗೆಗೂ ನೀರಿರುತ್ತದೆ, ಯಾವ ಗವಿಯಲ್ಲಿ ಹಳೆಯ ಗೀರುಚಿತ್ರವಿದೆ ಎಂಬ ತಿಳಿವಳಿಕೆ ದಾಖಲೆಯಾದಾಗಲೇ ಗಣಿ ಗುತ್ತಿಗೆಗೆ ಆಕ್ಷೇಪ ಸಲ್ಲಿಸಲು ಆಗುವುದು. ಆ ತಿಳಿವಳಿಕೆ ನಿಧಾನವಾಗಿ, ಹಗಲಿನಲ್ಲಿ, ಕೆಳಗೆ ನೋಡಿಕೊಂಡು ನಡೆದವರಿಂದ ಬರುತ್ತದೆ. ಸೂರ್ಯೋದಯದ ಫೋಟೊ ಯಾವ ಬೆಟ್ಟದ್ದೆಂದು ಎಷ್ಟೋ ಸಲ ಪತ್ತೆಯಾಗುವುದಿಲ್ಲ.

ನಿಯಮಗಳ ಮಟ್ಟದಲ್ಲಿ ಒಂದಿಷ್ಟು ಕೆಲಸ ಆಗಿದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಕಾಲಿಡಲೂ ಜಾಗವಿಲ್ಲದಷ್ಟು ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣ ಪಥಗಳಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿತು. ಪಶ್ಚಿಮಘಟ್ಟದ ಉದ್ದನೆಯ ಹಾದಿಗೆ ಅದು ಹೊಂದಬಹುದು. ಒಂದೇ ಬಂಡೆಯ ಬೆಟ್ಟಕ್ಕೆ ಹೊಂದುವುದಿಲ್ಲ. ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಒಂದೂವರೆಯವರೆಗೆ 300 ಜನರನ್ನು ಜೋಡಿ ಜೋಡಿಯಾಗಿ ಬಿಟ್ಟರೂ ಎರಡು ನಿಮಿಷಕ್ಕೊಂದು ಜೋಡಿ ಹೊರಡಬೇಕು, ಅಂದರೆ ಮತ್ತೆ ಅದೇ ಸಾಲು. ಹತ್ತು ನಿಮಿಷಕ್ಕೊಂದು ಜೋಡಿಯೆಂದರೆ ಅದೇ ಐದು ಗಂಟೆಯಲ್ಲಿ 30 ಜೋಡಿ, 60 ಜನ. ಬಯಲುಸೀಮೆಯ ಕಲ್ಲುಬೆಟ್ಟಗಳಿಗೆ ಮಿತಿ ಈ ಆಸುಪಾಸಿನಲ್ಲಿರಬೇಕು, ಟಿಕೆಟ್‌ನಲ್ಲಿ ದಿನದ ಜತೆ ಹೊರಡುವ ವೇಳೆಯೂ ಇರಬೇಕು, ರಣಹದ್ದು ಗೂಡಿರುವ ಬಂಡೆಮುಖಗಳ ಕಡೆಗಿನ ದಾರಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಮುಚ್ಚಿರಬೇಕು. ಜನ ಕಡಿಮೆಯಾದರೆ ಊರಿನವರ ದುಡಿಮೆ ಕುಸಿಯುತ್ತದೆ ಎಂಬ ಚಿಂತೆಗೂ ಇದರಲ್ಲೇ ಪರಿಹಾರವಿದೆ. ನಡುರಾತ್ರಿ ಬಂದು ಒಂಬತ್ತಕ್ಕೆ ಹೊರಟುಹೋಗುವ ಗುಂಪಿನಿಂದ ಬುಡದ ಊರಿಗೆ ಸಿಗುವುದು ಪಾರ್ಕಿಂಗ್ ದುಡ್ಡು, ಚಹಾದ ದುಡ್ಡು, ಬೆಳಗಾದರೆ ಗುಡಿಸಬೇಕಾದ ಪ್ಲಾಸ್ಟಿಕ್. ಹಗಲಿಡೀ ಇರುವ ಜೋಡಿಗೆ ಮಾರ್ಗದರ್ಶಿ ಬೇಕು, ಮಧ್ಯಾಹ್ನಕ್ಕೆ ಮುದ್ದೆ ಊಟ ಬೇಕು, ಮಾಗಿಯಲ್ಲಿ ಅವರೆಕಾಳು ಸಾರೂ ಸಿಗುತ್ತದೆ. 30 ಜೋಡಿಗಳಲ್ಲಿ ಎರಡೆರಡು ಜೋಡಿಗೆ ಒಬ್ಬರಂತೆ ಮಾರ್ಗದರ್ಶಿಯನ್ನು ಕಡ್ಡಾಯ ಮಾಡಿದರೂ ಒಂದೊಂದು ಬೆಟ್ಟದ ಬುಡದಲ್ಲಿ ಹದಿನೈದು ಜನರಿಗೆ ಆ ದಿನದ ಕೂಲಿ ಹುಟ್ಟುತ್ತದೆ. ಆ ಹದಿನೈದು ಜನರನ್ನು ಇಲಾಖೆ ಆರಿಸಬೇಕಾದದ್ದು ಕುರಿ ಮೇಯಿಸುತ್ತ ಅದೇ ಬಂಡೆಗಳ ಮೇಲೆ ಬೆಳೆದವರಿಂದ.